ಕಿವಿ ಮಿಷನ್ನೂ ಅವರೆಕಾಳೂ

“ಮನೇಲೂ ಆಕ್ಕೊ ಕಣಯ್ಯ. ಇನ್ಮ್ಯಾಕೆ ನಿನ್ನ ಕರ್ಯೋರು ಯಾರವ್ರೆ?”

ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ಆಸ್ಪತ್ರೆ ಮಂಚದ ಮೇಲಿಂದ ನನ್ನ ಕಿವಿ ಮಿಷನ್ನಿಗೆ ಬೆರಳು ತೋರಿಸಿ ಹೇಳಿದಳು. ಅವತ್ತೇ ಸಾಯಂಕಾಲ ಹೋಗಿಬಿಟ್ಟಳು.

ಮೈಗೆ ಒಳ್ಳೇದು ಅಂತ ನಮ್ಮ ಮನೆಗೆ ಬಂದ ಸಾಮಾನು ಒಂದೂ ತನ್ನ ಕೆಲಸ ಮಾಡಲಿಲ್ಲ. ಬೇರೆ ಏನಾದರೂ ಮಾಡೋದು. ಅದನ್ನು ಹೇಳಿ ನಗಿಸೋಳು ಅವಳು. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಬರೆದಷ್ಟು ಓದಿ.

ಬಿಸಿನೀರಿನ ಚೀಲ

ನಾನು ಕೆಲಸಕ್ಕಿದ್ದ ಚಿನ್ನದ ಗಣಿಗೆ ಇಳಿಯುವಾಗ ನಮಗೆ ಹಿತ್ತಾಳೆ ಬಿಲ್ಲೆ ಕೊಡೋರು. ಬಿಲ್ಲೆ ವಾಪಸ್ ಬರಲಿಲ್ಲ ಅಂದರೆ ಆಳು ಇನ್ನೂ ಒಳಗಿದಾನೆ ಅಂತ.

ನಮ್ಮ ಲೈನ್ ಮನೆಗಳಲ್ಲಿ ಬಿಸಿನೀರಿನ ರಬ್ಬರ್ ಚೀಲ ಇದ್ದದ್ದು ನಮಗೊಬ್ಬರಿಗೇ. ಸೊಂಟ ಹಿಡಿದೋರೆಲ್ಲ ಬಂದು ಒಯ್ಯೋರು. ಅವಳು ಗಣಿ ಕಾನೂನು ತಂದಳು. ಚೀಲ ಒಯ್ಯೋರು ಬಿಲ್ಲೆ ಬದಲಿಗೆ ಒಂದು ಸೌಟು ಬಿಟ್ಟು ಹೋಗಬೇಕು.

ಚೀಲ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹಾಗೇ ದಾಟಿತು. ಸೌಟು ಮಾತ್ರ ತಪ್ಪದೆ ನಮ್ಮ ಅಡಿಗೆ ಮನೆ ಮೊಳೆಗೆ ಬಂತು. ಎರಡು ತಿಂಗಳು ಚೀಲದ ಮುಖ ಕಾಣಲಿಲ್ಲ.

“ಹೋಗಿ ಕೇಳು” ಅಂದೆ.

“ಸುಮ್ಕಿರು. ಆರು ಸೌಟು ಬಂದವೆ. ಒಂದು ತೂತು ಚೀಲಕ್ಕೆ ಇನ್ನೇನು ಬೇಕು?”

ಚೀಲ ಕೊನೆಗೂ ಬರಲಿಲ್ಲ. ಆರು ಮನೆಯವರು ಲೋಟದಲ್ಲಿ ಸಾರು ಬಡಿಸಿಕೊಂಡರು.

ತೂಕ

ಆಂಡರ್ಸನ್‌ಪೇಟೆ ಡಾಕ್ಟರು ಅವಳಿಗೆ ತೂಕ ಸಾಲದು ಅಂದರು. ಟಾನಿಕ್ ಕೊಟ್ಟು, ತಿಂಗಳೊಳಗೆ ಏರದಿದ್ದರೆ ಸೂಜಿ ಅಂದರು. ಟಾನಿಕ್ಕು ಇವಳ ಬಾಯಿಗೆ ಹೋಗಲಿಲ್ಲ, ಕರಿಬೇವಿನ ಗಿಡಕ್ಕೆ ಹೋಯಿತು.

ತಿಂಗಳು ತುಂಬಿತು. ಬಂಗಾರಪೇಟೆ ಮಾರ್ಕೆಟ್ಟಿಂದ ಬರುವಾಗ ರೈಲ್ವೆ ಸ್ಟೇಷನ್ನಿನಲ್ಲಿ ತೂಕದ ಮಿಷನ್ ಹತ್ತಿದಳು. ಬದನೆಕಾಯಿ ಚೀಲ ಇಳಿಸಲೇ ಇಲ್ಲ.

“ಚೀಲ ಕೆಳಗಿಡೇ.”

“ಯಾಕೆ? ನಾಳೆ ಇದೂ ಒಟ್ಟೇಗೇ ತಾನೆ ಓಗೋದು?”

ತೂಕ ಅಚ್ಚಾದ ಟಿಕೆಟ್ ಬಿತ್ತು. ಡಾಕ್ಟರು ನೋಡಿ ಎದೆ ಉಬ್ಬಿಸಿದರು. “ನೋಡಮ್ಮ, ನನ್ನ ಟಾನಿಕ್ ಹೇಗೆ ಕೆಲಸ ಮಾಡಿದೆ.”

“ಊಂ ಸಾರ್. ಕರಿಬೇವು ಸೈತ ಚೆನ್ನಾಗಿ ಚಿಗುರೈತೆ.”

ಅದುರೋ ಮಿಷನ್

ಟೈ ಕಟ್ಟಿಕೊಂಡವನೊಬ್ಬ ಬಿಸಿಲಲ್ಲಿ ಮನೆಮನೆ ತಿರುಗುತ್ತಾ ಬಂದ. ಕೈಯಲ್ಲಿ ಕರೆಂಟಿನ ಮಿಷನ್. ಮೈಗೆ ಹಿಡಿದರೆ ಅದುರುತ್ತೆ, ನೋವೆಲ್ಲ ಹೋಗುತ್ತೆ ಅಂದ. ನನಗೆ ತೋಳು ನೋವು ವಿಪರೀತ.

ಇವಳು ಅಡ್ಡ ಬಂದಳು. “ಗಣೀಲಿ ಕಲ್ಲು ಕೊರೆಯೋ ಮಿಷನ್ ಇಡ್ಕೊಂಡು ಇಪ್ಪತ್ತು ವರ್ಷ ಅದುರವ್ರೆ. ಆ ಅದುರಾಟಕ್ಕೇ ನೋವು ಬಂದಿರೋದು. ಇನ್ನೂ ಅದುರಿಸಿದ್ರೆ ಓಗುತ್ತಾ?”

“ಅದು ಕೆಟ್ಟ ಅದುರಾಟ ಅಮ್ಮ. ಇದು ಒಳ್ಳೇದು.”

ನಾನು ತಗೊಂಡೆ. ಎರಡು ದಿನಕ್ಕೆ ನೋವು ತೋಳಿಂದ ಕುತ್ತಿಗೆಗೂ ಬಂತು. ಇವಳು ಮಿಷನ್ ಎತ್ತಿ ರಾಗಿ ಹಿಟ್ಟಿನ ಡಬ್ಬಕ್ಕೆ ಹಿಡಿದಳು. ಹಿಟ್ಟು ಕುಸಿದು ಇನ್ನೊಂದು ಸೇರಿಗೆ ಜಾಗ ಆಯಿತು. ಆಮೇಲೆ ಮಿಷನ್ ಆ ಡಬ್ಬದ ಪಕ್ಕಾನೇ ಉಳೀತು.

ಕಿವಿ ಮಿಷನ್

ಗಣಿ ಸದ್ದಿಗೆ ನನ್ನ ಕಿವಿ ಹೋಯಿತು. ಡಾಕ್ಟರು ಮಿಷನ್ ಕೊಡಿಸಿದರು. ಜೇಬಲ್ಲಿ ಡಬ್ಬಿ, ಕಿವಿಗೆ ವೈರು. ಬ್ಯಾಟರಿ ಶೆಲ್ಲು ಮುಗಿದುಹೋಗುತ್ತೆ ಅಂತ ನಾನು ಹೊರಗೆ ಹೋಗೋವಾಗ ಮಾತ್ರ ಹಾಕೋದು. ಮದುವೆಗೆ, ಆಸ್ಪತ್ರೆಗೆ. ಮನೇಲಿ ಬೀರುವಿನೊಳಗೆ.

“ಊರೋರ ಮಾತು ಕೇಳ್ಬೇಕು, ನಂದು ಬ್ಯಾಡ” ಅಂತ ಅವಳು ಎಷ್ಟು ಸಲ ಅಂದಳೋ. ನನಗೆ ಕೇಳಿಸಲಿಲ್ಲ.

ಆಳುಗಳನ್ನ ಇಳಿಸೋ ಗಣಿ ಬಾವೀಲಿ ಗಂಟೆ ಲೆಕ್ಕ ಇರುತ್ತೆ, ಇಷ್ಟು ಹೊಡೆದರೆ ಇಳಿಸು, ಇಷ್ಟು ಹೊಡೆದರೆ ನಿಲ್ಲಿಸು ಅಂತ. ಅವಳೂ ಒಂದು ಲೆಕ್ಕ ಇಟ್ಟಳು. ಒಲೆ ಪಕ್ಕ ಒಣ ಅವರೆಕಾಳಿನ ಡಬ್ಬ. ಬಾಗಿಲಲ್ಲಿ ಕೂತ ನನ್ನ ಬೆನ್ನಿಗೆ ಒಂದು ಕಾಳು ಬಿದ್ದರೆ ಕಾಫಿ. ಎರಡು ಬಿದ್ದರೆ ಊಟ. ಮೂರು ಬಿದ್ದರೆ ಯಾರೋ ಬಂದಿದಾರೆ. ಹಿಡಿಗಟ್ಟಲೆ ಬಿದ್ದರೆ ಕೋಪ, ಎದ್ದು ಹೊರಗೆ ಹೋಗಬೇಕು. ನೆಂಟರಿಗೆಲ್ಲ ಈ ಲೆಕ್ಕ ಗೊತ್ತು. ನೋಡಿ ನಗೋರು.

ಅವಳನ್ನು ಮಣ್ಣು ಮಾಡಿದ ಮಾರನೇ ಬೆಳಿಗ್ಗೆ ಬಾಗಿಲಲ್ಲಿ ಕೂತೆ. ಬಹಳ ಹೊತ್ತು ಕೂತೆ. ಬೆನ್ನಿಗೆ ಏನೂ ಬೀಳಲಿಲ್ಲ. ಎದ್ದು ಬೀರು ತೆಗೆದು ಮಿಷನ್ ಹಾಕಿಕೊಂಡು ಮತ್ತೆ ಬಂದು ಕೂತೆ.

ನನ್ನ ಹಿಂದೆ ಅಡಿಗೆ ಮನೇಲಿ ನನ್ನ ತಂಗಿ, ಬೇತಮಂಗಲದಿಂದ ಬಂದ ನನ್ನ ಹೆಂಡತಿ ತಂಗಿ. ಇಬ್ಬರೂ ಗಟ್ಟಿಯಾಗೇ ಮಾತಾಡ್ತಿದ್ದರು.

“ಸೌಟು ಆರವೆ. ನಂಗೆ ಮೂರು, ನಿಂಗೆ ಮೂರು.”

“ಅದುರೋ ಮಿಷನ್ ನಂಗಿರ್ಲಿ. ಮಂಡಿ ನೋವು.”

“ಮೆತ್ತಗೆ ಮಾತಾಡೆ, ಬಾಗ್ಲಲ್ಲೇ ಕುಂತವ್ರೆ.”

“ಕುಂತ್ಕೊಳ್ಲಿ ಬಿಡು. ನಮ್ಮಣ್ಣಂಗೆ ಗಣಿ ಸಿಡಿದ್ರೂ ಕೇಳ್ಸಲ್ಲ.”

ಒಳಗೆ ಹೋದೆ. ಇಬ್ಬರೂ ಬೆನ್ನು ಹಾಕಿ ಸೌಟು ಎಣಿಸ್ತಿದ್ದರು. ಒಲೆ ಪಕ್ಕದ ಡಬ್ಬಕ್ಕೆ ಕೈ ಹಾಕಿದೆ. ಒಂದಲ್ಲ, ಎರಡಲ್ಲ. ಹಿಡಿ ತುಂಬ ತೆಗೆದು ಅವರ ಬೆನ್ನಿಗೆ ಬೀಸಿದೆ.

ತಿರುಗಿದರು. ನನ್ನ ಕಿವಿಯ ವೈರು ನೋಡಿದರು. ಎದ್ದು ಸೌಟು ಮೊಳೆಗೆ ಸಿಕ್ಕಿಸಿ ಹೊರಗೆ ಹೋದರು.

ಆಮೇಲೆ ನೆಲದ ಮೇಲೆ ಕೂತು ಕಾಳು ಆರಿಸಿದೆ. ಒಂದೊಂದೇ ಡಬ್ಬಕ್ಕೆ ಹಾಕಿದೆ. ಒಂದೊಂದು ಬಿದ್ದದ್ದೂ ಕೇಳಿಸಿತು.