ಬೆನ್ನಿಗೆ ಚೀಲ, ಚೀಲದಲ್ಲಿ ಹೆರೆಮಣೆ

ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಅಂದುಕೊಂಡ ಹಾಗೆ ನಡೆಯುವ ಕೆಲಸ ಒಂದೂ ಇಲ್ಲ ಎಂಬುದು ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಳೆದ ಡಿಸೆಂಬರಿನಲ್ಲಿ, ತೆಕ್ಕಟ್ಟೆ ಕಡೆಯ ನಮ್ಮ ಶಾಲೆಯ ಏಳನೇ ತರಗತಿಯ ಹನ್ನೆರಡು ಮಕ್ಕಳಿಗೆ ಚೀಲ ಹೊರಿಸಿ, ಕೆರಾಡಿಯ ಗುಡ್ಡ ಹತ್ತಿಸಿ, ಪರಿಚಯದವರ ಗೇರು ಹಾಡಿಯಲ್ಲಿ, ಅಂದರೆ ಗೇರು ತೋಪಿನಲ್ಲಿ, ಒಂದು ರಾತ್ರಿ ಮಲಗಿಸಿ ತರುತ್ತೇನೆಂದು ಬಾಯಿ ಬಿಟ್ಟೆ. ಜೊತೆಗೆ ಇನ್ನೊಬ್ಬ ಟೀಚರೂ ಬರುವುದೆಂದಾಯಿತು.

ನಮ್ಮ ಹೆಡ್ ಮೇಡಂ ಒಪ್ಪಿದರು, ಆದರೆ ಮನೆಗೆ ಹೋಗಬೇಕೆಂದು ಯಾವ ಮಗುವೂ ಹಟ ಹಿಡಿಯಬಾರದೆಂದು ಷರತ್ತು ಹಾಕಿದರು. "ಒಂದೇ ಒಂದ್ ಮಗು ಮನಿಗ್ ಹೋಯ್ಕ್ ಅಂದ್ರೂ ಇದೇ ಕಡೇ ಸಲ, ಮಾಸ್ಟ್ರೇ!"

ಆರನೇ ತರಗತಿಯವರು ಮುಂದಿನ ವರ್ಷಕ್ಕೆ ಆಗಲೇ ಹೆಸರು ಕೊಟ್ಟು ಕೂತಿದ್ದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಭಾರ

ಒಂದು ಹೊದಿಕೆ, ಒಂದು ಬಟ್ಟಲು, ಟಾರ್ಚು, ನೀರು. ಇಷ್ಟೇ ಸಾಕು ಎಂದು ಚೀಟಿ ಬರೆದು ಕಳಿಸಿದ್ದೆ. ಹೊರಡುವ ಬೆಳಿಗ್ಗೆ ಒಬ್ಬ ಹುಡುಗ ಕೂತಲ್ಲಿಂದ ಏಳಲೇ ಇಲ್ಲ. ಚೀಲ ಬಿಚ್ಚಿದರೆ ಎರಡು ತೆಂಗಿನಕಾಯಿ, ಅದನ್ನು ತುರಿಯಲು ಒಂದು ಹೆರೆಮಣೆ.

ಬಿಡಲು ಬಂದ ತಾಯಿಯನ್ನು ಕೇಳಿದೆ, "ಇದೆಂತ ಮಾರಾಯ್ರೆ?"

"ಗಂಜಿಗೆ ಚಟ್ನಿ ಇಲ್ದಿರೆ ಅವ ಉಂಬುದಿಲ್ಲೆ."

"ಹಾಗಂತ ಹೆರೆಮಣೆ ಹೊರಿಸೂದಾ?"

ಅವರು ಬಹಳ ವಿಚಾರ ಮಾಡಿದವರ ಹಾಗೆ ಹೇಳಿದರು, "ಭಾರ ಆತ್ತ್ ಅಂದ್ಹೇಳಿ ಅರೆಯೋ ಕಲ್ಲ್ ಮನೆಲೇ ಬಿಟ್ಟಿದೆ, ಮಾಸ್ಟ್ರೇ."

ಹಸಿವಿನ ಪಾಠ

ಬಸ್ಸಿಳಿದ ಮೇಲೆ ಎರಡು ತಾಸಿನ ನಡಿಗೆ. ಸ್ವಲ್ಪ ಹಸಿದು, ತಾವೇ ಬೇಯಿಸಿಕೊಂಡು ಉಂಡರೆ ಅನ್ನದ ಬೆಲೆ ತಿಳಿಯುತ್ತದೆ ಎಂದು ದಾರಿಯುದ್ದಕ್ಕೂ ಭಾಷಣ ಮಾಡಿದೆ.

ಆದರೆ ದಾರಿಯಲ್ಲಿ ಮನೆಗಳಿವೆಯಲ್ಲ! ಪ್ರತಿ ಅಂಗಳದಿಂದಲೂ ಒಂದು ಕೂಗು: "ಹ್ವಾಯ್, ಎಂತ ಹಾಂಗೇ ಹೋಪುದ್? ಆಸ್ರಿ ಕುಡ್ಕಂಡ್ ಹೋಯ್ನಿ!" ಒಂದು ಮನೆಯಲ್ಲಿ ಬೆಲ್ಲ ನೀರು, ಇನ್ನೊಂದರಲ್ಲಿ ಅವಲಕ್ಕಿ. ಮೂರನೆಯ ಮನೆಯ ಅಜ್ಜಿಗೆ ನಮ್ಮ ಒಬ್ಬ ಹುಡುಗ ದೂರದ ಮೊಮ್ಮಗನಾಗಬೇಕೆಂದು ಗೊತ್ತಾಗಿ, ಹದಿನಾಲ್ಕೂ ಜನಕ್ಕೆ ಬಾಳೆ ಎಲೆ ಬಿತ್ತು. ಬೇಡ ಎಂದರೆ ಅಜ್ಜಿಗೆ ಬೇಸರ.

ಹಾಡಿ ಮುಟ್ಟುವಾಗ ಎರಡು ತಾಸು ಐದಾಗಿತ್ತು. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನೆಲಕ್ಕೊರಗಿದರು. ಒಬ್ಬ ದೊಡ್ಡದಾಗಿ ತೇಗಿ ಕೇಳಿದ, "ಮಾಸ್ಟ್ರೇ, ಹಸಿವಿನ ಪಾಠ ಯಾವಾಗ ಶುರು ಮಾಡ್ತ್ರಿ?"

ದನ

ಸಂಜೆ ಗೇರು ಮರಗಳ ನಡುವೆ ಒಬ್ಬ ಗಂಡಸು ಇಣುಕಿದರು. ನೋಡಿದರೆ ನಮ್ಮದೇ ಹುಡುಗಿಯೊಬ್ಬಳ ಅಪ್ಪ. ಅಜ್ಜಿಯ ಸೀರೆ ಸೆರಗು ಹಿಡಿಯದೆ ಒಂದು ದಿನವೂ ಮಲಗದವಳು ಅವಳು. ಮೇಡಮ್ಮಿನ ಷರತ್ತು ಮುರಿದರೆ ಇವಳಿಂದಲೇ ಎಂದು ನಾನು ಎಣಿಸಿಕೊಂಡಿದ್ದೆ. ಈಗ ಅಪ್ಪನನ್ನು ಕಂಡರೆ ಕಥೆ ಮುಗಿಯಿತು!

"ನೀವ್ ಎಂತಕ್ ಬಂದದ್ದ್?" ಎಂದು ಗದರಿದೆ.

"ದನ ಹುಡ್ಕುಕ್ ಬಂದೆ ಮಾಸ್ಟ್ರೇ. ತಪ್ಪಿಸ್ಕಂಡಿತ್."

ತೆಕ್ಕಟ್ಟೆಯ ದನ. ಅದೂ ನಮ್ಮ ಹಾಗೆ ಕುಂದಾಪುರದಲ್ಲಿ ಬಸ್ಸು ಬದಲಿಸಿ ಬಂದಿರಬೇಕು. ಬೈದು ವಾಪಸು ಅಟ್ಟಿದೆ.

ಒಬ್ಬರಿಗೆ ಮನೆಗೆ ಹೋಗಬೇಕಂತೆ

ಕತ್ತಲಾಯಿತು. ಗಂಜಿಯ ಪಾತ್ರೆ ತೊಳೆಯುವಾಗ ದೂರದಲ್ಲೊಂದು ನರಿ ಊಳಿಟ್ಟಿತು. ಮಕ್ಕಳು ಖುಷಿಯಿಂದ ತಾವೂ ಊಳಿಟ್ಟರು. ಆಗ ಅದೇ ಹುಡುಗಿ ಮೆಲ್ಲಗೆ ಬಂದು ನನ್ನ ಅಂಗಿ ಎಳೆದಳು.

"ಮಾಸ್ಟ್ರೇ, ಒಬ್ರಿಗ್ ಮನಿಗ್ ಹೋಯ್ಕಂಬ್ರ್."

ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಎದ್ದೆ. "ಯಾರಿಗೆ?"

"ಅಪ್ಪಯ್ಯಂಗೆ."

ಮಹಾರಾಯರು ಹೋಗಿರಲೇ ಇಲ್ಲ. ಮಗಳು ಮಲಗುವುದನ್ನು ಕಂಡೇ ಹೋಗುವ ಎಂದು ಮರದ ಹಿಂದೆ ಕೂತಿದ್ದರು. ಈಗ ನರಿ ಕೂಗಿದ್ದೇ, ಕೆಳಗೆ ರಸ್ತೆಯಲ್ಲಿ ಬೈಕು ಇಟ್ಟಲ್ಲಿಗೆ ಒಬ್ಬರೇ ಇಳಿಯಲು ಧೈರ್ಯವಿಲ್ಲದೆ ಮಗಳನ್ನೇ ಕರೆದಿದ್ದರು.

"ಅವ್ರಿಗ್ ಕತ್ಲಿ ಅಂದ್ರೆ ಹೆದ್ರಿಕೆ. ಮನಿಯಗೂ ಲೈಟ್ ಹಾಯ್ಕಂಡೇ ಮನಿಕಂಬುದ್," ಎಂದಳು ಹುಡುಗಿ.

ಅವಳು ಟಾರ್ಚು ಹಿಡಿದು ಮುಂದೆ, ಅವರು ನಡುವೆ, ನಾನು ಹಿಂದೆ. ಬೈಕು ಹತ್ತಿಸಿ ಅವಳು ಹೇಳಿದಳು, "ಹೆದ್ರುಕಾಗ ಅಪ್ಪಯ್ಯ. ಮುಟ್ಟಿದ್ ಕೂಡ್ಲೆ ಮಾಸ್ಟ್ರಿಗ್ ಫೋನ್ ಮಾಡಿ." ಆಮೇಲೆ ಬಂದು ಹೊದ್ದು ಮಲಗಿದವಳು ಬೆಳಗಿನವರೆಗೂ ಏಳಲಿಲ್ಲ. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಹೇಳಿ ಪೂರೈಸುವುದಿಲ್ಲ.

ಬೆಳಿಗ್ಗೆ ಮೇಡಮ್ಮಿನ ಫೋನು. "ಯಾರಾರೂ ಮನಿಗ್ ಹೋಯ್ಕ್ ಅಂದ್ರಾ?"

"ಮಕ್ಕಳು ಯಾರೂ ಅನ್ಲಿಲ್ಲ ಮೇಡಂ."

"ಮಕ್ಕಳಲ್ದಿದ್ರೆ ಮತ್ಯಾರ್ ಅಂದದ್ದ್?"

ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗಿ ಫೋನಿಗೆ ಬಾಯಿ ಹಾಕಿಯಾಗಿತ್ತು.

"ನಮ್ ಅಪ್ಪಯ್ಯ, ಮೇಡಂ. ಬಪ್ಪ್ ವರ್ಷ ಅವ್ರನ್ನೂ ಕರ್ಕಂಡ್ ಹೋಪ. ಒಂದ್ ರಾತ್ರಿ ಉಳ್ದ್ರೆ ಸರಿ ಆತ್ರ್."