ಗಿಳಿಹಸಿರು ನುಂಗಿದ ರೋಬೋಟ್ ಮಹಾಶಯರಿಗೆ

ಸೋಫಾದ ಕೆಳಗೆ ಚಾರ್ಜಿಂಗ್ ಪೀಠದಲ್ಲಿ ವಿರಾಜಮಾನರಾಗಿರುವ, ಕಸ ಗುಡಿಸುವ ರೋಬೋಟ್ ಮಹಾಶಯರ ಸನ್ನಿಧಿಗೆ, ಅದೇ ಸೋಫಾದ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತಿರುವ, ಅಮೆರಿಕದ ರೆಸ್ಟನ್ ಊರಿನ ವಿದ್ಯಾವತಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಈ ಮನೆಗೆ ದಯಮಾಡಿಸಿದಂದಿನಿಂದ ನನ್ನ ಸೊಂಟನೋವು ಕಡಿಮೆಯಾಗಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉಪಕಾರ ಸ್ಮರಣೆಯಿಲ್ಲದವಳು ಎಂಬ ಮಾತು ನನಗೆ ಬೇಡ. ಆದರೆ ನಿನ್ನೆ ತಾವು ತೋರಿದ ಕಾರ್ಯಶ್ರದ್ಧೆಯನ್ನು ವರ್ಣಿಸಲು ಮಾತೇ ಸಾಲದು.

ನನ್ನ ತಮ್ಮನ ಮಗಳು ಸೋನಾಲಿಯ ಮದುವೆ ಬರುವ ಶನಿವಾರ ಇಲ್ಲಿಂದ ಕಾರಿನಲ್ಲಿ ಹೋಗಬಹುದಾದ ಡರ್ಹಮ್ ಊರಿನಲ್ಲಿದೆ. ಮದುಮಗಳು ಕೈಯಲ್ಲಿ ಹಿಡಿದು ಮಂಟಪಕ್ಕೆ ಬರುವ ತೆಂಗಿನಕಾಯಿಗೆ ಮಣಿಯ ಹೊದಿಕೆ ಹೆಣೆಯುವ ಕೆಲಸವನ್ನು, ಯಾರೂ ಕೇಳುವ ಮೊದಲೇ, ನಾನು ಜಂಬದಿಂದ ಒಪ್ಪಿಕೊಂಡಿದ್ದೆ. ಮಾವಿನ ಎಲೆಗಳ ನಡುವೆ ಎರಡು ಗಿಳಿಗಳು, ಚಿತ್ರ ಇಷ್ಟೇ. ಆದರೆ ಗಿಳಿಯೂ ಹಸಿರು, ಎಲೆಯೂ ಹಸಿರು. ನಾಲ್ಕು ಮಣಿ ಅತ್ತಿತ್ತ ಆದರೆ ಗಿಳಿ ಎಲೆಯಾಗುತ್ತದೆ, ಎಲೆಗೆ ಕೊಕ್ಕು ಬರುತ್ತದೆ. ಹೀಗಾಗಿ ಸಾಸಿವೆಗಿಂತ ಸಣ್ಣ ಆ ಮಣಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಿಳಿಹಸಿರು, ಕೊತ್ತಂಬರಿ ಹಸಿರು, ಮೆಂತ್ಯದ ಸೊಪ್ಪಿನ ಹಸಿರು, ಹೀರೇಕಾಯಿ ಸಿಪ್ಪೆಯ ಹಸಿರು, ಬಾಡಿದ ಕರಿಬೇವಿನ ಹಸಿರು ಎಂದು ಬೇರ್ಪಡಿಸಿ, ಇಡ್ಲಿ ತಟ್ಟೆಗಳ ತೂತಿನಿಂದ ಸೋರದಂತೆ ಬಟ್ಟೆ ಹಾಸಿ, ಗುಂಡಿಗೊಂದು ಬಣ್ಣ ತುಂಬಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದೆ. ಇದನ್ನು ಕಂಡ ನಮ್ಮ ಯಜಮಾನರು ಗುರುಶಾಂತಪ್ಪನವರು, ಎಂಜಿನಿಯರಾದ್ದರಿಂದ, "ಎಲ್ಲಾ ಹಸರ ಅದಾವಲ್ಲ, ಒಂದ ಡಬ್ಬ್ಯಾಗ ಹಾಕಿಬಿಡ" ಎಂದು ಸಲಹೆಯಿತ್ತು ಹೋದರು.

ಸಲಹೆಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ತಾವು ಹಾಕಿಕೊಂಡಿರಿ. ನಾನು ಸಾರಿಗೆ ಒಗ್ಗರಣೆ ಕೊಟ್ಟು ಬರುವಷ್ಟರಲ್ಲಿ ತಾವು ತಟ್ಟೆಗಳನ್ನು ಮಗುಚಿ, ಯಾವ ಮಣಿಗೂ ಭೇದ ಮಾಡದೆ, ಎಲ್ಲವನ್ನೂ ಒಂದೇ ಹೊಟ್ಟೆಗೆ ಸೇರಿಸಿದ್ದಿರಿ. ಆಹಾ, ಎಂಥ ಸಮದೃಷ್ಟಿ! ನಮ್ಮ ಮುಖಂಡರು ಜೀವನವಿಡೀ ಭಾಷಣ ಬಿಗಿದರೂ ತರಲಾಗದ ಸಮಾನತೆಯನ್ನು ತಾವು ಒಂದೇ ಸುತ್ತಿನಲ್ಲಿ ತಂದಿರಿ. ತಮ್ಮ ಉದರದಲ್ಲಿ ಕೊತ್ತಂಬರಿ ಹಸಿರು, ಕರಿಬೇವಿನ ಹಸಿರು, ನನ್ನ ಕೂದಲು, ಯಾವಾಗಲೋ ಚೆಲ್ಲಿದ ಚುರುಮುರಿ, ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದವು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ತಾವು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತಾ, ನುಂಗಿದ್ದನ್ನು ಬಣ್ಣಬಣ್ಣವಾಗಿ ಉಗುಳಬೇಕು, ಗಿಳಿಹಸಿರು ಮೊದಲು. ಅದಾಗದಿದ್ದರೆ ಡರ್ಹಮ್‌ಗೆ ನನ್ನ ಜೊತೆ ಕಾರಿನಲ್ಲಿ ಬಂದು, ಬೀಗರ ಕಡೆಯ ಹೆಂಗಸರೆದುರು ನಿಂತು, ಗಿಳಿ ಯಾವುದು, ಎಲೆ ಯಾವುದು ಎಂದು ವಿವರಿಸಬೇಕು. ಅದೂ ಆಗದಿದ್ದರೆ ತೆಂಗಿನಕಾಯಿಯ ಬದಲು ಮದುಮಗಳ ಕೈಯಲ್ಲಿ ತಾವೇ ಕುಳಿತುಬಿಡಬೇಕು. ಗುಂಡಗಿದ್ದೀರಿ, ಮೈಮೇಲೆ ದೀಪವೂ ಇದೆ, ಮಣಿಗಳಂತೂ ಒಳಗೇ ಇವೆ.

ತಮಾಷೆ ಹಾಗಿರಲಿ, ನನಗೆ ನಿಜಕ್ಕೂ ಅಳು ಬಂದಿದೆ. ಆ ಹುಡುಗಿ ದಿನಾ ಫೋನ್ ಮಾಡಿ, "ಅತ್ತಿ, ಪ್ಯಾರಟ್ಸ್ ರೆಡಿ ಆದ್ವಾ?" ಎಂದು ಕೇಳುತ್ತಾಳೆ. ಇವತ್ತು ಫೋನ್ ಎತ್ತಲು ನನಗೆ ಧೈರ್ಯವಾಗಲಿಲ್ಲ.

ತಮ್ಮನ್ನು ಇನ್ನೂ ಕಿಟಕಿಯಿಂದ ಆಚೆ ಎಸೆಯದಿರುವ,
ತಮ್ಮ ವಿಶ್ವಾಸಿ,
ವಿದ್ಯಾವತಿ

ವಿ.ಸೂ.: ಇಷ್ಟು ಬರೆದ ಮೇಲೆ ಯಜಮಾನರ ಫೋನಿನಲ್ಲಿ ತಮ್ಮ ಆ್ಯಪ್ ತೆರೆದು ನೋಡಿದೆ. ತಾವು ತಟ್ಟೆಗಳ ಮುಂದೆ ವಿನಯದಿಂದ ನಿಂತು, ಮಣಿಗಳ ಫೋಟೋ ತೆಗೆದು ಕಳಿಸಿ, ಇದು ಕಸವೇ ಎಂದು ಅವರನ್ನು ಕೇಳಿದ್ದಿರಿ. ಅವರು ಹೌದು ಎಂದು ಒತ್ತಿದ್ದಾರೆ. ಆದ್ದರಿಂದ ಮೇಲಿನ ಆಪಾದನೆಗಳನ್ನೆಲ್ಲ ತಮ್ಮಿಂದ ಹಿಂತೆಗೆದುಕೊಂಡು ಅವರ ಹೆಸರಿಗೆ ವರ್ಗಾಯಿಸಿದ್ದೇನೆ. ಅವರೀಗ ತಮ್ಮ ಹೊಟ್ಟೆಯಲ್ಲಿದ್ದುದನ್ನೆಲ್ಲ ಹಾಳೆಯ ಮೇಲೆ ಸುರಿದು, ಕನ್ನಡಕ ಏರಿಸಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಗಿಳಿಹಸಿರು ಹುಡುಕುತ್ತಿದ್ದಾರೆ. ಶನಿವಾರದ ಮದುವೆಗೆ ತಮಗೆ ಹೃತ್ಪೂರ್ವಕ ಆಮಂತ್ರಣ. ಅವರ ವಿಚಾರ ಗಿಳಿಗಳು ಸಿಕ್ಕ ಮೇಲೆ ನೋಡೋಣ.