ಮಾವನ ಸಂಜೆಯ ಒಂದು ಮೈಲಿ

ನಮ್ಮ ಸೋದರಮಾವ ದಿನಾಲೂ ಗಜೇಂದ್ರಗಡದಿಂದ ರೋಣಕ್ಕೆ ನಡೆದು ಹೋಗುತ್ತಿದ್ದರು, ಅದೂ ಕೂತಲ್ಲಿಂದ ಏಳದೆ! ನಂಬಿಕೆ ಬರಲಿಲ್ಲವೆ? ಅವರ ಎದೆಯ ಚಿಂತೆಯನ್ನೆಲ್ಲ ಗುತ್ತಿಗೆ ಹಿಡಿದ ನನಗೇ ಬಂದಿರಲಿಲ್ಲ.

ಮಾವ ಸೀರೆ ನೇಯುವವರು. ಹೋದ ವರ್ಷ ಮಗ್ಗದಲ್ಲಿ ಕೂತಾಗಲೇ ಎದೆ ಹಿಡಿಯಿತು. ಗದಗಿನ ಡಾಕ್ಟರರ ಹತ್ತಿರ ಕರೆದೊಯ್ದವನು ನಾನು. ರಕ್ತದಲ್ಲಿ ಕೊಬ್ಬು ಹೆಚ್ಚಾಗಿ ನಾಳಗಳ ಒಳಗೆ ಹತ್ತಿಕೊಂಡಿದೆ, ಗುಂಡಿಗೆಗೆ ರಕ್ತ ಹೋಗುವ ದಾರಿ ಇಕ್ಕಟ್ಟಾಗಿದೆ ಎಂದು ಅವರು ಬಿಡಿಸಿ ಹೇಳಿದರು. ಮಾವ ತಲೆದೂಗುತ್ತ ಕೇಳಿ, ಕೊನೆಗೊಂದು ಸಂಶಯ ಎತ್ತಿದರು.

"ಸಾಹೇಬ್ರ, ನೂಲಿಗೆ ಗಂಜಿ ಹಚ್ಚಲಿಲ್ಲಂದ್ರ ಮಗ್ಗದ ಮ್ಯಾಲ ಪಟಪಟ ಹರೀತೈತಿ. ಹಂಗ ನಾಳಕ್ಕ ಕೊಬ್ಬು ಹತ್ತಿದ್ರ ಗಟ್ಟಿ ಆಗಬೇಕಲ್ರಿ?"

ಡಾಕ್ಟರರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಗಟ್ಟಿ ಆಗೂದ ತ್ರಾಸ ಐತ್ರಿ ಯಜಮಾನ್ರ," ಎಂದರು ಡಾಕ್ಟರರು.

ತುಪ್ಪ, ಬೆಣ್ಣೆ ಬಿಡಬೇಕು. ಎದೆ ಹಿಡಿದಾಗ ಒಂದು ಗುಳಿಗೆಯನ್ನು ನಾಲಿಗೆಯ ಕೆಳಗಿಡಬೇಕು. ದಿನಾ ಸಂಜೆ ಒಂದು ಮೈಲಿ ಮೆಲ್ಲಗೆ ನಡೆಯಬೇಕು. ಅಪ್ಪಣೆಯಾದದ್ದು ಮಾವನಿಗೆ, ತುಪ್ಪ ಬಿಟ್ಟವನು ಮಾತ್ರ ಮೊದಲು ನಾನು! ಅಷ್ಟಕ್ಕೇ ನಿಂತೆನೆ? ಮರಳುವಾಗ ಬಸ್ಸು ನರೇಗಲ್ ದಾಟುವಷ್ಟರಲ್ಲಿ ನನ್ನ ಎದೆಯಲ್ಲೂ ಏನೋ ಚುಚ್ಚಿತು. ಗದಗಿನಲ್ಲಿ ತಿಂದ ಮಿರ್ಚಿಭಜಿ ನೆನಪಾಗುವ ಮೊದಲೇ ಮಾವನ ಗುಳಿಗೆ ನನ್ನ ನಾಲಿಗೆಯ ಕೆಳಗಿತ್ತು. ಅದು ಕರಗಿದ್ದೇ ತಡ, ತಲೆ ಎರಡು ಹೋಳಾಗುವಂತೆ ಸಿಡಿಯತೊಡಗಿತು. ಹಣೆ ಹಿಡಿದು ಕೂತ ನನ್ನನ್ನು ಮಾವ ಅಕ್ಕರೆಯಿಂದ ನೋಡಿದರು.

"ಚಲೋ ಆತು ತಮ್ಮಾ. ಗುಳಿಗಿ ಖರೇನ ಅದಾವಂತ ಪರೀಕ್ಷಾ ಆತು."

ನಾನು ರೋಣದ ಕಚೇರಿಯಲ್ಲಿ ಗುಮಾಸ್ತ. ಪ್ರತಿ ರವಿವಾರ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋಗಿ ಮಾವನ ಪಥ್ಯದ ತನಿಖೆ ನಡೆಸುತ್ತಿದ್ದೆ. ತುಪ್ಪದ ಗಡಿಗೆಯನ್ನು ಅತ್ತೆಯೇ ಮೇಲಿನ ನೆಲುವಿಗೆ ಏರಿಸಿಬಿಟ್ಟಿದ್ದರು. ಉಳಿದದ್ದು ನಡಿಗೆ.

"ನಡೀಲಿಕತ್ತೀರಿಲ್ರಿ ಮಾಮಾ?"

"ಈಗಷ್ಟ ನಿಮ್ಮ ರೋಣ ಮುಟ್ಟಿದ್ನಿ ನೋಡು."

ಮಗ್ಗದ ಕುಣಿಯೊಳಗೆ ಇಳಿಬಿಟ್ಟ ಕಾಲುಗಳನ್ನು ತೋರಿಸಿದರು. ಕಾಲ ಕೆಳಗಿನ ಹಲಗೆಗಳು ಒಂದಾದ ಮೇಲೊಂದು ಏರಿಳಿಯುತ್ತಿದ್ದವು.

"ಎಡಗಾಲು, ಬಲಗಾಲು. ಇದು ನಡಿಗಿ ಅಲ್ಲೇನಪಾ? ಮಧ್ಯಾಹ್ನತನಾ ನೇಯ್ದ್ರ ರೋಣ. ಸಂಜಿತನಾ ನೇಯ್ದ್ರ ನರಗುಂದ!"

"ಹಂಗಾರ ನರಗುಂದದ ಗುಡ್ಡಾನೂ ಹತ್ತಿ ಬರ್ರಿ!"

"ಏ ಹುಚ್ಚಾ, ಎದಿರೋಗದಾವ್ರು ಗುಡ್ಡ ಹತ್ತಬಾರ್ದು!"

ಎಷ್ಟೆಂದು ನಗುವುದು? ನನಗೆ ಸಿಟ್ಟೇ ಬಂತು. "ನಿಮಗ ಜೀವದ ಮ್ಯಾಲ ಆಸೆ ಇಲ್ಲೇನ್ರಿ? ನಾಳೆ ಏನಾರ ಆದ್ರ ಅತ್ತೀ ಗತಿ ಏನು?" ಎಂದು ಒದರಿಬಿಟ್ಟೆ.

ಅಷ್ಟರಲ್ಲಿ ಒಂದು ಎಳೆ ಹರಿಯಿತು. ಮಾವ ಮಗ್ಗ ನಿಲ್ಲಿಸಿ, ಬಾಗಿ ಗಂಟು ಹಾಕತೊಡಗಿದರು. ಒಳಗೆ ನೂಲು ಸುತ್ತುತ್ತಿದ್ದ ಅತ್ತೆ, ಕೈಯಲ್ಲಿಯ ಕಂಡಿಕೆ ಸಮೇತ ಓಡಿಬಂದು ಬಾಗಿಲಲ್ಲಿ ನಿಂತರು. ಕಣ್ಣೆಲ್ಲ ಗಂಡನ ಎದೆಯ ಮೇಲೆ. ಮಾವ ಲಗುಬಗೆಯಿಂದ ಲಾಳಿ ಒಗೆದರು. ಖಟ್ ಎಂದಿತು. ಅತ್ತೆ ಉಸಿರುಬಿಟ್ಟು ಒಳಗೆ ಹೋದರು.

"ಆವತ್ತಿನಿಂದ ಹಿಂಗ," ಎಂದರು ಮಾವ, ಸಣ್ಣ ದನಿಯಲ್ಲಿ. "ಸಪ್ಪಳ ನಿಂತ್ರ ಓಡಿ ಬರ್ತಾಳ. ನಾ ಸಂಜಿ ಮುಂದ ಒಂದ ಮೈಲಿ ಹೋದ್ನಿ ಅಂದ್ರ, ಬರೂತನಕ ಅಕಿ ಎದಿ ಹ್ಯಾಂಗ ತಡೀಬೇಕು, ಹೇಳು?"

ಇಷ್ಟು ದಿನ ಮಾವನ ಚಿಂತೆ ನನ್ನೊಬ್ಬನ ಸೊತ್ತೆಂದುಕೊಂಡಿದ್ದೆನಲ್ಲ! ನಾಚಿಕೆಯಾಯಿತು. ಒಳಗೆ ಹೋಗಿ, "ಅತ್ತೀ, ನೀವೂ ಮಾಮಾನ ಕೂಡ ನಡೀಲಿಕ್ಕೆ ಹೋಗ್ರಿ," ಎಂದೆ.

ಮಾವನ ಓಣಿಯಲ್ಲಿ ಕೆಲಸವಿಲ್ಲದೆ ಗಂಡ ಹೆಂಡತಿ ಜೋಡಿಯಾಗಿ ಹೊರಬೀಳುವುದುಂಟೆ? ಅತ್ತೆ ಗಾಬರಿಯಾದರು.

"ಅಯ್ಯ, ಮಂದಿ ಎಲ್ಲಿಗೆ ಹೊಂಟೀರಿ ಅಂದ್ರ ಏನ್ ಹೇಳ್ಲೋ?"

"ಗಂಡನ ಕೂಡ ಹೊಂಟೀನಿ ಅನ್ನು. ಅಷ್ಟ ಸಾಕು," ಎಂದು ಹೊರಗಿನಿಂದ ಮಾವನ ದನಿ ಬಂತು.

ಮಗ್ಗ ನಿಂತಿತು. ಅತ್ತೆ ಬಾಗಿಲ ಮೂಲೆಯಲ್ಲಿ ತಮ್ಮ ಚಪ್ಪಲಿ ಹುಡುಕುತ್ತಿದ್ದರು.